ಖಾಲಿ ಬೇರೆ, ಇಲ್ಲ ಬೇರೆ

ಬಂದರಿನ ಒಣಮೆಣಸಿನ ಮಂಡಿಯ ಮೇಲೆ ನಮ್ಮ ಆಫೀಸು.
ಸೀನದೆ ಯಾರೂ ಮೆಟ್ಟಿಲು ಹತ್ತಿದ್ದಿಲ್ಲ.
ಜುಲೈ ಮೂವತ್ತೊಂದು, ರಾತ್ರಿ ಹನ್ನೊಂದೂ ಮುಕ್ಕಾಲು.
ನಾಲ್ಕಕ್ಕೆ ದಕ್ಕೆಯಲ್ಲಿ ಐಸಿನ ಟೋಕನ್ ಶುರು.
ಎರಡು ತಿಂಗಳು ಸುಮ್ಮನೆ ನಿಂತ ಬೋಟುಗಳು
ಹಗ್ಗ ಬಿಚ್ಚುವ ಮೊದಲು ನಮ್ಮ ಪರದೆ ನೋಡುತ್ತವೆ.

ಹಳೆಯ ಸರ್ವರಿಗೆ ವಯಸ್ಸಾಗಿತ್ತು.
ಹೊಸದನ್ನು ಮೋಡದಲ್ಲಿ ಕಟ್ಟಬೇಕು, ಅಂದರೆ
ಕಟ್ಟು ಎಂದು ಬರೆದ ಕಡತವನ್ನು ಓಡಿಸಬೇಕು, ಅಷ್ಟೆ.
ಸಿಮೆಂಟಿಲ್ಲ, ಮೇಸ್ತ್ರಿಯಿಲ್ಲ,
ಗೋಡೆ ಎಂದರೆ ಗೋಡೆ, ಬಾಗಿಲು ಎಂದರೆ ಬಾಗಿಲು.

ಧನ್ವಿತ್ ಸಾಲ್ಯಾನ್ ಎಂಟರ್ ಒತ್ತಿದ.
ಹಸಿರು, ಹಸಿರು, ಹಸಿರು,
ಮತ್ತೆ ಕೆಂಪು:
ಒಂದು ಪ್ಯಾರಾಮೀಟರಿಗೆ ಬೆಲೆಯಿಲ್ಲ.
ಯಾವುದೆಂದು ಹೆಸರೂ ಹೇಳಿತು, ಪುಣ್ಯಾತ್ಮ. ಕೊಟ್ಟೆವು.
ಆಗ ಇನ್ನೊಂದು. ಅದನ್ನೂ ಕೊಟ್ಟೆವು.
"ಎಲ್ಲ ಒಮ್ಮೆಲೇ ಕೇಳಿದರೆ ಇದಕ್ಕೆಂತ ರೋಗ!"
ಕಚೇರಿಯ ಕಿಟಕಿಯಲ್ಲೂ ಹೀಗೆಯೇ ಅಲ್ಲವಾ,
ಝೆರಾಕ್ಸು ಕೊಟ್ಟ ಮೇಲೆಯೇ ಫೋಟೋ ನೆನಪಾಗುವುದು.

ಮೂರನೆಯದು ನಮ್ಮಲ್ಲಿತ್ತು. ಹದಿನೇಳನೆಯ ಸಾಲು.
ಪರದೆಗೇ ಬೆರಳಿಟ್ಟು ತೋರಿಸಿದೆ, ಓ ಇಲ್ಲಿ ಉಂಟಲ್ಲ ಮಾರಾಯ.
ಇಲ್ಲ, ಎಂದಿತು.
ಉಂಟು.
ಇಲ್ಲ.
ಇಪ್ಪತ್ತು ನಿಮಿಷ ಗಂಡ ಹೆಂಡಿರ ಹಾಗೆ.
ಕೊನೆಗೆ ಕಂಡಿತು: ಎರಡು ಪದಗಳ ನಡುವೆ ನಾವು ಎಳೆದದ್ದು ಅಡ್ಡಗೆರೆ,
ಅದು ಕೇಳಿದ್ದು ಅಡಿಗೆರೆ.
ಕೂದಲೆಳೆಯಷ್ಟು ಕೆಳಗೆ.

ನಾಲ್ಕನೆಯದರ ಬೆಲೆ ಇಬ್ಬರಿಗೂ ಗೊತ್ತಿಲ್ಲ.
ಧನ್ವಿತ್ ಉಪಾಯ ಮಾಡಿದ: ಎರಡು ಉದ್ಧರಣ ಚಿಹ್ನೆ,
ನಡುವೆ ಏನೂ ಇಲ್ಲ.
ದಾಟಿತು!
ಅಂಟು ಹಚ್ಚಿದ ಲಕೋಟೆಯಲ್ಲಿ ಕಾಗದವಿಲ್ಲವೆಂದು
ಬಾಗಿಲಲ್ಲಿ ಯಾರು ಒಡೆದು ನೋಡುತ್ತಾರೆ?
ಎಂಟು ನಿಮಿಷ ಕಟ್ಟಿತು, ಜಾಲ, ಗೇಟು, ಬೀಗ, ದತ್ತಕೋಶ.
ಒಂಬತ್ತನೆಯದಕ್ಕೆ ಲಕೋಟೆ ಒಡೆಯಿತು.
ಆಮೇಲೆ ಬಿಚ್ಚತೊಡಗಿತು,
ದತ್ತಕೋಶ, ಬೀಗ, ಗೇಟು, ಜಾಲ,
ಸಿಟ್ಟಿಲ್ಲ, ಅವಸರವಿಲ್ಲ,
ಊಟದ ಮೇಲೆ ನೆಲ ಒರಸಿದ ಹಾಗೆ.
ಒಮ್ಮೆ ಬೈಯಬಾರದೇ, ಅನ್ನಿಸಿತು.

ಒಂದೂವರೆಗೆ ನಾಚಿಕೆ ಬಿಟ್ಟು ಮಿಸ್ರಿಯಾಳಿಗೆ ಫೋನು ಮಾಡಿದೆ.
ಉಳ್ಳಾಲ. ಹನ್ನೊಂದು ದಿನದ ಬಾಣಂತಿ.
"ಎಚ್ಚರವೇ ಇದ್ದೇನೆ, ಇವಳು ಬಿಟ್ಟರಲ್ಲವಾ ಮಲಗುವುದು."
ಹಿಂದೆ ತೊಟ್ಟಿಲಿನ ಕಿರ್ರು, ಅದರ ಹಿಂದೆ ಕಡಲು.
"ಅದು ನನ್ನ ಲ್ಯಾಪ್‌ಟಾಪಿನಲ್ಲಿ ಉಂಟು. ಸೇರಿದ ಮೊದಲ ವಾರ
ಎಲ್ಲೋ ಬರೆದಿಟ್ಟದ್ದು, ತನ್ನಷ್ಟಕ್ಕೆ ಓದಿಕೊಳ್ಳುತ್ತಿತ್ತು.
ಯಾರೂ ಕೇಳಲಿಲ್ಲ. ನಾನೂ ಮರೆತೆ."
ಎರಡು ವರ್ಷ ನಾವು ಕಡತವೇ ಕಟ್ಟುವುದೆಂದು ತಿಳಿದಿದ್ದೆವು.

ಮಗುವಿನ ಬಟ್ಟೆಯ ಅಡಿಯಿಂದ ಲ್ಯಾಪ್‌ಟಾಪು ತೆಗೆದಳು.
ಚಾರ್ಜಿಲ್ಲ. ಕಾದೆವು.
ಒಂದೊಂದೇ ಓದಿದಳು: ಬಜಪೆಯ ಬಿ, ದೇರಳಕಟ್ಟೆಯ ಡಿ,
ಸೊನ್ನೆ, ಮತ್ತೂ ಒಂದು ಸೊನ್ನೆ.
ಅದು ಓಡುತ್ತಿರುವಾಗ ಮಾತಿಗೆ ಕೇಳಿದೆ,
ಮಗುವಿನ ಹೆಸರೆಂತ?
"ಇನ್ನೂ ಇಲ್ಲ. ಅಣ್ಣ ಜುಬೈಲಿನಿಂದ ಬರಬೇಕಂತೆ.
ಜನನ ಪತ್ರದಲ್ಲಿ ಆ ಜಾಗ ಖಾಲಿ ಬಿಟ್ಟೇ ಕೊಟ್ಟರು,
ಆಮೇಲೆ ಸೇರಿಸಬಹುದು.
ನಿಮ್ಮ ಮೋಡದಷ್ಟು ಹಟ ಇಲ್ಲಪ್ಪ ಅವರಿಗೆ."

ಎರಡೂ ಐವತ್ತಕ್ಕೆ ಎದ್ದು ನಿಂತಿತು.
ಧನ್ವಿತ್ ಮೇಜಿಗೆ ಕೆನ್ನೆಯಿಟ್ಟು ನಿದ್ದೆ.
ಆ ಹೆಸರಿನ ಕೆಳಗೆ ನಾನು ವಿವರಣೆ ಬರೆದೆ:
ಇದು ಬೇಕೇ ಬೇಕು. ತಾನಾಗಿ ಬರುವ ಬೆಲೆ ಇದಕ್ಕಿಲ್ಲ.
ಖಾಲಿ ಕೊಟ್ಟರೆ ಬಾಗಿಲಲ್ಲೇ ತಡೆ.
ಗೊತ್ತಿಲ್ಲದಿದ್ದರೆ ಮಿಸ್ರಿಯಾಳನ್ನು ಕೇಳಿ,
ಎಂದೂ ಬರೆದೆ, ಅಳಿಸಿದೆ.
ಮಲಗಲಿ ಅವಳು.

ನಾಲ್ಕಕ್ಕೆ ಮೊದಲ ಟೋಕನ್ ಬಿತ್ತು.
ಬೋಟಿನ ಹೆಸರು ಎಂಬ ಕಡ್ಡಾಯದ ಚೌಕದಲ್ಲಿ
ಯಾರೋ ಒಂದು ಚುಕ್ಕಿ ಒತ್ತಿ ಮುಂದೆ ಹೋಗಿದ್ದ.
ಐಸು ಕೊಟ್ಟರು.